ಮುದ್ರೆಯೂ ವಸ್ತುವೂ

ಶರಣರ ವಚನಗಳ ಕೊನೆಯಲ್ಲಿ ಬರುವ ಅಂಕಿತಕ್ಕೆ ಮುದ್ರಿಕೆ ಎಂಬ ಹೆಸರೂ ಉಂಟು. ಆಡಿದ ಮಾತಿಗೆ ಹೊಣೆಗಾರರು ಯಾರೆಂಬುದನ್ನು ಅದು ಸಾರುತ್ತದೆ. ಪ್ರಸಿದ್ಧರ ಅಂಕಿತದಲ್ಲಿ ಅನ್ಯರು ರಚಿಸಿದ ವಚನಗಳೂ ಓಲೆಗರಿಗಳಲ್ಲಿ ಸೇರಿಹೋದುದರಿಂದ, ಅವುಗಳನ್ನು ಬೇರ್ಪಡಿಸುವ ಕಾರ್ಯ ಸಂಪಾದಕರಿಗೆ ಬಹಳ ಶ್ರಮದಾಯಕವಾಯಿತು. ಆದರೂ ಅವರಿಗೆ ಹೋಲಿಸಿ ನೋಡಲು ಹಲವು ಪ್ರತಿಗಳಿದ್ದವು. ಅಂಗಡಿಯ ಮುಂದೆ ನಿಂತ ಗ್ರಾಹಕನಿಗಾದರೋ ಆ ಸೌಕರ್ಯವಿಲ್ಲ. ಅವನು ಮುದ್ರೆಯನ್ನು ನಂಬಿಯೇ ಹಣ ತೆರುತ್ತಾನೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 1916ರಲ್ಲಿ ಆರಂಭವಾದ ಉದ್ಯಮದಿಂದ ಬಂದ ಮೈಸೂರು ಸ್ಯಾಂಡಲ್ ಸಾಬೂನು ಕನ್ನಡಿಗರೆಲ್ಲರಿಗೂ ಪರಿಚಿತ. ಅದರ ಮೇಲಿನ ಶರಭದ ಲಾಂಛನಕ್ಕೂ ಅನುಕರಣೆ ತಪ್ಪಲಿಲ್ಲ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದರ ನಕಲಿ ತಯಾರಿಕೆ ಬಯಲಾಗಿ, ಸುಮಾರು 2 ಕೋಟಿ ರೂಪಾಯಿ ಬೆಲೆಯ ಸರಕನ್ನು ವಶಪಡಿಸಿಕೊಳ್ಳಲಾಯಿತು. ಸಾಬೂನಿನ ಮೋಸವಾದರೂ ಮೊದಲ ಸ್ನಾನದಲ್ಲಿಯೇ ಮೂಗಿಗೆ ತಿಳಿದೀತು. ಗೋಡೆಯೊಳಗೆ ಹುದುಗಿದ ವಸ್ತುವಿನ ಮೋಸ ಹಾಗೆ ತಿಳಿಯುವುದಿಲ್ಲ.

ವಿದ್ಯುತ್ ತಂತಿಯನ್ನು ಪರಿಶೀಲಿಸಬಹುದು. ಹೊದಿಕೆ ದಪ್ಪವಾಗಿದ್ದರೆ ಒಳಗಿನ ತಾಮ್ರ ಎಷ್ಟೆಂಬುದು ಕಣ್ಣಿಗೆ ಕಾಣದು. ನಕಲಿ ತಯಾರಕನಿಗೆ ಲಾಭ ದೊರೆಯುವುದು ಅಲ್ಲಿಯೇ. ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಅರ್ಧಕ್ಕೆ ಇಳಿದರೆ ಅದರ ರೋಧ ಇಮ್ಮಡಿಯಾಗುತ್ತದೆ. ಅಷ್ಟೇ ವಿದ್ಯುತ್ ಹರಿದರೂ ಹುಟ್ಟುವ ಶಾಖ ಇಮ್ಮಡಿಯಾಗುತ್ತದೆ. ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಇರುವ ಪಾಠವಿದು. ಹೊದಿಕೆಯೂ ಕೀಳಾಗಿದ್ದರೆ ಆ ಶಾಖಕ್ಕೆ ಬೇಗನೆ ಗಡುಸಾಗಿ ಬಿರಿಯುತ್ತದೆ. ಇಂಥ ಅಪಾಯವನ್ನು ತಡೆಯಬೇಕಾದ ಸರ್ಕ್ಯೂಟ್ ಬ್ರೇಕರ್ ಕೂಡ ಇಲ್ಲಿ ನಿರುಪಾಯ. ತಂತಿಯ ಮೇಲೆ ಅಚ್ಚಾದ ಅಳತೆಗೆ ಹೊಂದುವಂತೆ ಅದನ್ನು ಆರಿಸಿರುತ್ತಾರಲ್ಲದೆ ಒಳಗಿನ ತಾಮ್ರಕ್ಕೆ ಹೊಂದುವಂತೆ ಅಲ್ಲ. ಅದೂ ಪಾಪ, ಮುದ್ರೆಯನ್ನೇ ನಂಬಿದೆ! ತಂತಿ ಸುಡುತ್ತಿದ್ದರೂ ಅದು ಸುಮ್ಮನಿರುತ್ತದೆ.

ಮಠಗಳ ಪ್ರಸಾದ ನಿಲಯಗಳಿಗೆ ಈ ವಿಚಾರ ಪರಕೀಯವಲ್ಲ. ಒಂದೇ ಸೂರಿನಡಿ ನೂರಾರು ಮಕ್ಕಳು ಮಲಗುವ ಕಟ್ಟಡಗಳವು. ದಾಸೋಹದ ಹಣವನ್ನು ಮಿತವ್ಯಯದಿಂದ ಬಳಸಬೇಕೆಂಬ ಸದುದ್ದೇಶದಿಂದಲೇ, ದರಪಟ್ಟಿಗಳಲ್ಲಿ ಅತ್ಯಂತ ಕಡಿಮೆಯದನ್ನು ಒಪ್ಪುವ ಪದ್ಧತಿ ಅನೇಕ ಸಂಸ್ಥೆಗಳಲ್ಲಿದೆ. ಆದರೆ ಅದೇ ಹೆಸರಿನ, ಅದೇ ಅಳತೆಯ ಸುರುಳಿಯನ್ನು ಒಬ್ಬ ವರ್ತಕ ಉಳಿದವರೆಲ್ಲರಿಗಿಂತ ತೀರ ಅಗ್ಗವಾಗಿ ಕೊಡುವನೆಂದರೆ ತಾಮ್ರದ ಬೆಲೆ ಅವನೊಬ್ಬನಿಗೆ ಮಾತ್ರ ಇಳಿದಿರಲಾರದು. ಅಲ್ಲಿ ಉಳಿದ ಹಣವನ್ನು ಉಳಿತಾಯವೆಂದು ಲೆಕ್ಕ ಬರೆಯುವುದು ಸರಿಯಲ್ಲ.

ಪರೀಕ್ಷಿಸುವ ಮಾರ್ಗ ಸುಲಭವಾಗಿದೆ. 1947ರಲ್ಲಿ ಸ್ಥಾಪಿತವಾದ ಭಾರತೀಯ ಮಾನಕ ಸಂಸ್ಥೆಯೇ 1987ರಲ್ಲಿ ಭಾರತೀಯ ಮಾನಕ ಬ್ಯೂರೋ ಆಯಿತು. ಐಎಸ್‌ಐ ಗುರುತು ಮಾತ್ರ ಹಳೆಯ ಹೆಸರಿನಲ್ಲಿಯೇ ಉಳಿದಿದೆ. ಗುರುತಿನ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆ ಇರಬೇಕು. ಪಿವಿಸಿ ಹೊದಿಕೆಯ ತಂತಿಗೆ ಅದು ಐಎಸ್ 694. ಕೆಳಭಾಗದಲ್ಲಿ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರಬೇಕು. ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ಪರವಾನಗಿ ಯಾರದು, ಯಾವ ವಸ್ತುವಿಗೆ, ಈಗಲೂ ಊರ್ಜಿತವೇ ಎಂಬುದು ತಿಳಿಯುತ್ತದೆ. ಸಂಖ್ಯೆಯೇ ಇಲ್ಲದ ಗುರುತು ಬರಿಯ ಚಿತ್ರ. ನಿಜವಾದ ಸಂಖ್ಯೆಯನ್ನು ಕದ್ದು ಅಚ್ಚೊತ್ತುವ ಚತುರರೂ ಇರುವುದರಿಂದ, ದೊಡ್ಡ ಖರೀದಿಯಾದರೆ ತಯಾರಕರ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳುವುದು ಯುಕ್ತ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕನನ್ನೂ ಮಾರಿದವನನ್ನೂ ಹೊಣೆಯಾಗಿಸಬಹುದೆಂದು ವಿಧಿಸಿದೆ. ನಕಲಿ ವಸ್ತುವಿನ ತಯಾರಕನಿಗೆ ವಿಳಾಸವೇ ಇರುವುದಿಲ್ಲ. ಹೆಸರು ಕಳುವಾದ ಕಂಪನಿ ಅದನ್ನು ತಯಾರಿಸಿಯೇ ಇಲ್ಲ. ಉಳಿದವನು ಮಾರಿದವನು ಮಾತ್ರ. ಅವನು ಮಾರಿದನೆಂಬುದಕ್ಕೆ ಆಧಾರ ರಸೀದಿ. ಅದರಲ್ಲಿ ‘ವಿದ್ಯುತ್ ಸಾಮಾನು’ ಎಂದಷ್ಟೇ ಬರೆಸಿಕೊಳ್ಳದೆ ತಯಾರಕರ ಹೆಸರು, ತಂತಿಯ ಅಳತೆ, ಸುರುಳಿಗಳ ಎಣಿಕೆ ಎಲ್ಲವನ್ನೂ ಬರೆಸಿ, ಕಟ್ಟಡದ ಕಡತದಲ್ಲಿಯೇ ಇರಿಸತಕ್ಕದ್ದು.