ವರದೆಯ ಜಾಡಿನಲ್ಲಿ ಸೈಕಲ್ ಪ್ರವಾಸ: ಹೊರಡುವ ಮುನ್ನ ಏನೇನು ಮಾಡಬೇಕು?

ಹಾವೇರಿ ಜಿಲ್ಲೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ನದಿಗಳ ಮೇಲೆ ಬೆರಳಾಡಿಸಿದರೆ ಸೈಕಲ್ ಪ್ರವಾಸ ಬಹಳ ಸುಲಭ ಅನ್ನಿಸುತ್ತದೆ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿದ ವರದೆ ಬನವಾಸಿ ದಾಟಿ ಹಾನಗಲ್ ತಾಲೂಕಿಗೆ ಬರುತ್ತಾಳೆ. ಕೂಡಲದಲ್ಲಿ ಧರ್ಮಾ ನದಿಯನ್ನು ಸೇರಿಸಿಕೊಂಡು, ಹಾವೇರಿ–ಸವಣೂರು ಸೀಮೆಯಲ್ಲಿ ಹಾಯ್ದು ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತಾಳೆ. ದಕ್ಷಿಣದಲ್ಲಿ ಕುಮುದ್ವತಿ ಹಿರೇಕೆರೂರು ಸೀಮೆಯಲ್ಲಿ ಹರಿದು ರಾಣೆಬೆನ್ನೂರು ತಾಲೂಕಿನಲ್ಲಿ ಅದೇ ತುಂಗಭದ್ರೆಯನ್ನು ಮುಟ್ಟುತ್ತಾಳೆ. ಅವುಗಳ ಪಕ್ಕದಲ್ಲೇ ಸೈಕಲ್ ತುಳಿಯುತ್ತ ಹೋದರಾಯಿತಲ್ಲ ಎಂದುಕೊಂಡು ಹೊರಟವರು ಮೊದಲ ದಿನವೇ ಯಾರದೋ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತಿರುತ್ತಾರೆ.

ನಮ್ಮ ಕಡೆ ನದಿ ದಂಡೆಗುಂಟ ರಸ್ತೆಯಿಲ್ಲ. ದಂಡೆಯೆಲ್ಲ ಹೊಲ, ತೋಟ, ಪಂಪ್‌ಸೆಟ್ ಮನೆ. ರಸ್ತೆ ನದಿಗೆ ಅಡ್ಡ ಬರುವುದು ಸೇತುವೆಯಲ್ಲಿ, ಬಾಂದಾರದಲ್ಲಿ, ಸಂಗಮದ ಗುಡಿಯಲ್ಲಿ. ಆದ್ದರಿಂದ ಇಲ್ಲಿಯ ನದಿ ಪ್ರವಾಸವನ್ನು ದಂಡೆ ನೋಡಿ ಯೋಜಿಸಬೇಡಿ, ದಾಟುವ ಜಾಗ ನೋಡಿ ಯೋಜಿಸಿ. ಮೊದಲು ನಕ್ಷೆಯಲ್ಲಿ ಸೇತುವೆ, ಬಾಂದಾರಗಳಿಗೆಲ್ಲ ಗುರುತು ಹಾಕಿಕೊಳ್ಳಿ. ಆಮೇಲೆ ಅವುಗಳ ನಡುವಿನ ಹಳ್ಳಿ ರಸ್ತೆ ಹುಡುಕಿ.

ಕಾಲ ಯಾವುದು?

ದೀಪಾವಳಿ ಮುಗಿದ ಮೇಲಿನಿಂದ ಜನವರಿ ಕೊನೆಯವರೆಗೆ. ಅದಕ್ಕೂ ಮೊದಲು ಬೇಡ. ಜುಲೈ–ಆಗಸ್ಟ್‌ನಲ್ಲಿ ಮಲೆನಾಡಿನ ಮಳೆಯೆಲ್ಲ ವರದೆಯಲ್ಲಿ ಬರುತ್ತದೆ. 2019ರ ಆಗಸ್ಟ್ ಪ್ರವಾಹವನ್ನು ದಂಡೆಯ ಊರಿನವರು ಇನ್ನೂ ಮರೆತಿಲ್ಲ. ಆ ಹೊತ್ತಿನಲ್ಲಿ ತಗ್ಗಿನ ಸೇತುವೆಗಳು ನೀರಿನಡಿ ಹೋಗುತ್ತವೆ. ಮಾರ್ಚ್ ದಾಟಿದರೆ ಬಿಸಿಲು ಸುಡುತ್ತದೆ, ವರದೆಯೂ ಸೊರಗುತ್ತದೆ. ಮಳೆಗಾಲದ ನಂತರ ಬಾಂದಾರದ ಗೇಟು ಹಾಕಿದಾಗ ನೀರು ನಿಂತು ನದಿ ತುಂಬಿದಂತೆ ಕಾಣುವುದು ಚಳಿಗಾಲದಲ್ಲೇ.

ಚಳಿಗಾಲಕ್ಕೂ ಅದರದೇ ತೊಡಕುಗಳಿವೆ. ಒಂದು, ಗೋವಿನಜೋಳ. ನವೆಂಬರ್ ಬಂತೆಂದರೆ ಅರ್ಧ ರಸ್ತೆಯೇ ಒಣಹಾಕುವ ಕಣವಾಗುತ್ತದೆ. ರಾಶಿಯ ಸುತ್ತ ದಪ್ಪ ಕಲ್ಲು ಇಟ್ಟಿರುತ್ತಾರೆ, ಮೇಲೆ ಕಪ್ಪು ತಾಡಪತ್ರಿ ಹೊದಿಸಿರುತ್ತಾರೆ. ಕತ್ತಲಾದ ಮೇಲೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಕಾಳಿನ ಮೇಲೆ ಸೈಕಲ್ ಹಾಯಿಸಿದರೆ ಚಕ್ರ ಜಾರುವುದು ಖಂಡಿತ, ರೈತರ ಬೈಗುಳವೂ ಖಂಡಿತ. ಎರಡು, ಕಬ್ಬಿನ ಟ್ರ್ಯಾಕ್ಟರ್. ಜೋಡಿ ಟ್ರೇಲರ್ ಎಳೆದುಕೊಂಡು ಕಾರ್ಖಾನೆಗೆ ಹೋಗುವ ಇವುಗಳಲ್ಲಿ ಹಿಂದಿನ ದೀಪ ಇಲ್ಲದವೇ ಹೆಚ್ಚು. ಮೂರನೆಯದು, ಹೋರಿ. ದೀಪಾವಳಿಯಿಂದ ಶುರುವಾಗಿ ವಾರಗಟ್ಟಲೆ ಹಾನಗಲ್, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತಿರುತ್ತದೆ. ಕೊಬ್ಬರಿ ಹಾರ ಕಟ್ಟಿದ ಹೋರಿ ಓಣಿಯಲ್ಲಿ ನುಗ್ಗಿ ಬರುವಾಗ ಸಾಮಾನು ಹೇರಿದ ಸೈಕಲ್ ಹಿಡಿದು ನಿಂತರೆ ಓಡಿ ಜಾಗ ಬಿಡಲೂ ಆಗದು. ಮುಂದಿನ ಊರಲ್ಲಿ ಹಬ್ಬವಿದೆಯೇ ಎಂದು ಹಿಂದಿನ ಊರಿನ ಚಹಾದಂಗಡಿಯಲ್ಲಿ ಕೇಳಿಕೊಂಡೇ ಹೊರಡಿ. ನೋಡುವ ಆಸೆಯಿದ್ದರೆ ಸೈಕಲ್‌ಗಳನ್ನು ಯಾರದಾದರೂ ಮನೆಯ ಅಂಗಳದಲ್ಲಿ ಬಿಟ್ಟು, ಕಟ್ಟೆ ಹತ್ತಿ ನೋಡಿ.

ಎಷ್ಟು ಜನ?

ಆರರಿಂದ ಎಂಟು. ನಾಲ್ಕಕ್ಕಿಂತ ಕಡಿಮೆಯಾದರೆ ಸಾಮಾನು ಹಂಚಿಕೊಳ್ಳಲು ಬರುವುದಿಲ್ಲ. ಹತ್ತು ದಾಟಿದರೆ ಸಣ್ಣ ಊರಿನ ಖಾನಾವಳಿಯಲ್ಲಿ ರೊಟ್ಟಿ ಸಾಲದು, ಮಲಗಲು ಒಂದೇ ಕೋಣೆ ಸಾಲದು, ಒಂದು ಪಂಕ್ಚರ್‌ಗೆ ಹತ್ತು ಜನ ಕಾಯಬೇಕು. ಹೆಚ್ಚು ಜನ ಸೇರಿದರೆ ಎರಡು ತಂಡ ಮಾಡಿ, ಅರ್ಧ ದಿನದ ಅಂತರದಲ್ಲಿ ಬಿಡಿ.

ತಂಡದ ವೇಗವನ್ನು ಎಲ್ಲರಿಗಿಂತ ನಿಧಾನ ತುಳಿಯುವವರೇ ನಿರ್ಧರಿಸುತ್ತಾರೆ. ಇದನ್ನು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು. ಒಪ್ಪದವರನ್ನು ಬಿಟ್ಟು ಹೋಗುವುದೇ ವಾಸಿ. ದಾರಿ ಗೊತ್ತಿದ್ದವರು ಮುಂದೆ, ಪಂಕ್ಚರ್ ಹಾಕಲು ಬರುವವರು ಎಲ್ಲರಿಗಿಂತ ಹಿಂದೆ ಇರಲಿ. ಕವಲು ದಾರಿ ಬಂದಲ್ಲೆಲ್ಲ ಮುಂದಿನವರು ನಿಂತು, ಕೊನೆಯವರು ಕಣ್ಣಿಗೆ ಬಿದ್ದ ಮೇಲೆ ಹೊರಡಲಿ. ಫೋನ್ ಮಾಡಿ ಕೂಡಿಕೊಳ್ಳೋಣ ಎನ್ನುವ ಭರವಸೆ ಬೇಡ, ದಂಡೆಯ ಕೆಲವು ಕಡೆ ಸಿಗ್ನಲ್ ಸಿಗುವುದಿಲ್ಲ. ದುಡ್ಡಿಗೆ ಒಂದು ಕೂಡು ಚೀಲ ಮಾಡಿ, ಲೆಕ್ಕ ಒಬ್ಬರ ಕೈಯಲ್ಲಿರಲಿ.

ಸೈಕಲ್ ಮತ್ತು ಸಾಮಾನು

ಗೇರ್ ಸೈಕಲ್ಲೇ ಬೇಕೆಂದಿಲ್ಲ. ಮಾಸೂರಿನ ಮದಗದ ಕೆರೆಯ ಸುತ್ತಿನ ಗುಡ್ಡ, ಹಾನಗಲ್ ಸೆರಗಿನ ಏರಿಳಿತ ಬಿಟ್ಟರೆ ಉಳಿದದ್ದು ಹೆಚ್ಚೂಕಡಿಮೆ ಬಯಲು. ಗಟ್ಟಿ ಕ್ಯಾರಿಯರ್ ಇರುವ ಸಾದಾ ಸೈಕಲ್ ನಡೆಯುತ್ತದೆ. ನೋಡಬೇಕಾದದ್ದು ಟೈರ್. ಸಪೂರ ಟೈರಿನ ರೇಸ್ ಸೈಕಲ್ ತರಬೇಡಿ. ಹಳ್ಳಿಯ ಸೈಕಲ್ ಅಂಗಡಿಯಲ್ಲಿ ಸಿಗುವುದು ಸಾದಾ ಸೈಕಲ್‌ನ ಟ್ಯೂಬ್, ಸಾದಾ ವಾಲ್‌ಟ್ಯೂಬ್. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್‌ಗಳ ದೆಸೆಯಿಂದ ಆ ಅಳತೆಯ ಬಿಡಿಭಾಗ ಹೋಬಳಿ ಊರುಗಳಲ್ಲೂ ಸಿಗುವಂತಾಯಿತು. ನಿಮ್ಮದು ಬೇರೆ ಅಳತೆಯದಾದರೆ ತಲೆಗೆರಡು ಟ್ಯೂಬ್ ನೀವೇ ಒಯ್ಯಬೇಕು.

ಪಂಕ್ಚರ್ ಆಗಿಯೇ ಆಗುತ್ತದೆ. ಹಳ್ಳದ ಬದಿಯ ಜಾಲಿ ಮುಳ್ಳು ದಪ್ಪ ಟೈರನ್ನೂ ಬಿಡುವುದಿಲ್ಲ. ತಂಡಕ್ಕೆ ಎರಡು ಪಂಪ್, ಎರಡು ಪಂಕ್ಚರ್ ಡಬ್ಬಿ, ಟೈರ್ ಬಿಚ್ಚುವ ಪಟ್ಟಿ, ಪಾನಾ, ಬ್ರೇಕ್ ವೈರ್, ನಾಲ್ಕು ಕಡ್ಡಿ, ಚೈನಿನ ಕೊಂಡಿ, ಸಣ್ಣ ಎಣ್ಣೆ ಬಾಟಲಿ ಸಾಕು. ಟೈರ್ ತಿರುಗಿ ಹಾಕುವ ಮೊದಲು ಒಳಗೆ ಬೆರಳಾಡಿಸಿ ಮುಳ್ಳು ತೆಗೆಯಿರಿ. ಇಲ್ಲದಿದ್ದರೆ ನೂರು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ ಕೆಲಸ.

ಒಬ್ಬರಿಗೆ ಹತ್ತು ಕಿಲೋ, ನೀರು ಸೇರಿದರೆ ಹದಿಮೂರು. ಅದಕ್ಕಿಂತ ಹೆಚ್ಚಾದರೆ ತೂಕದ ಮೇಲಿಟ್ಟು ಒಂದೊಂದೇ ಸಾಮಾನು ತೆಗೆಯಿರಿ. ಎರಡು ಜೊತೆ ಬಟ್ಟೆ, ಒಂದು ಸ್ವೆಟರ್, ಹೊದೆಯಲು ಶಾಲು, ಹಾಸಲು ತೆಳು ಚಾಪೆ, ಸೊಳ್ಳೆ ಪರದೆ, ಟಾರ್ಚ್, ತಟ್ಟೆ–ಲೋಟ. ಡೇರೆ ಬೇಡವೆಂದೇ ನನ್ನ ಅಭಿಪ್ರಾಯ. ಪ್ರತಿ ಹತ್ತು ಕಿಲೋಮೀಟರಿಗೆ ಊರಿರುವ ಈ ಸೀಮೆಯಲ್ಲಿ ಡೇರೆ ಹೊರುವುದು ಬರಿ ಶೋಕಿ. ಸ್ಟೌ, ಪಾತ್ರೆಗಳ ಮಾತೂ ಅಷ್ಟೇ. ಚಹಾ ಎಲ್ಲಿ ಬೇಕಾದಲ್ಲಿ ಸಿಗುತ್ತದೆ.

ಹೊರೆಯನ್ನು ಬೆನ್ನ ಮೇಲೆ ಹೊರಬೇಡಿ, ಎರಡನೇ ದಿನಕ್ಕೆ ಭುಜ ಸೋಲುತ್ತದೆ. ಕ್ಯಾರಿಯರ್‌ನ ಎರಡೂ ಬದಿಗೆ ಸಮತೂಕವಾಗಿ, ಆದಷ್ಟು ಕೆಳಗೆ, ಹಾಲಿನವರು ಕ್ಯಾನ್ ತೂಗುಹಾಕಿದ ಹಾಗೆ ಕಟ್ಟಿ. ಪೇಟೆಯಲ್ಲಿ ಸಿಗುವ ಬದಿಚೀಲಗಳು ಚೆನ್ನ, ಆದರೆ ದುಬಾರಿ. ಗಟ್ಟಿ ಕೈಚೀಲ ಎರಡನ್ನು ಹೊಲಿಸಿ, ಒಳಗೆ ತೊಳೆದ ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಕಿ, ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿದರೆ ಕೆಲಸ ಆಯಿತು. ಮೇಲಿನ ಹಗ್ಗದ ತುದಿ ಚಕ್ರಕ್ಕೆ ಸಿಕ್ಕದಂತೆ ನೋಡಿಕೊಳ್ಳಿ.

ಹೊರಡುವ ಎರಡು ವಾರ ಮೊದಲು ಪೂರ್ತಿ ಸಾಮಾನು ಹೇರಿಕೊಂಡು ತಂಡವೆಲ್ಲ ನಲವತ್ತು ಕಿಲೋಮೀಟರು ತುಳಿದು, ಒಂದು ರಾತ್ರಿ ಹೊರಗೆ ಉಳಿದು ಬರಬೇಕು. ಯಾರ ಕ್ಯಾರಿಯರ್ ಅಲುಗುತ್ತದೆ, ಯಾರ ಸೀಟು ಚುಚ್ಚುತ್ತದೆ, ಯಾರು ಬೆಳಗ್ಗೆ ಏಳುವುದಿಲ್ಲ, ಎಲ್ಲವೂ ಆಗಲೇ ಗೊತ್ತಾಗುತ್ತದೆ.

ದಾರಿ: ಏಳು ದಿನದ ಒಂದು ಲೆಕ್ಕ

ಸಾಮಾನು ಹೇರಿದ ಸೈಕಲ್ ಗಂಟೆಗೆ ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ಹೋಗುವುದಿಲ್ಲ ಎಂದಿಟ್ಟುಕೊಳ್ಳಿ. ದಿನಕ್ಕೆ 45 ಕಿ.ಮೀ. ಅಂದರೆ ತುಳಿತವೇ ನಾಲ್ಕು ಗಂಟೆ. ಚಹಾ, ಪಂಕ್ಚರ್, ಗುಡಿ, ಹರಟೆ ಸೇರಿ ಏಳು. ಬೆಳಗ್ಗೆ ಆರೂವರೆಗೆ ಹೊರಟು ಹನ್ನೊಂದೂವರೆಗೆ ನೆರಳು ಸೇರಿ, ಮೂರರ ಮೇಲೆ ಉಳಿದದ್ದನ್ನು ಮುಗಿಸಿ. ಐದೂವರೆಯ ನಂತರ ರಸ್ತೆಯಲ್ಲಿ ಇರಲೇಬೇಡಿ. ಕಾರಣ ಆಗಲೇ ಹೇಳಿದೆ: ಜೋಳದ ರಾಶಿ, ಕಬ್ಬಿನ ಟ್ರ್ಯಾಕ್ಟರ್.

ಮೊದಲ ದಿನ ರಾಣೆಬೆನ್ನೂರು ನಿಲ್ದಾಣದಿಂದ ರಟ್ಟೀಹಳ್ಳಿ. ಕುಮುದ್ವತಿಯ ಮೊದಲ ಭೇಟಿ ಇಲ್ಲೇ. ಮೂರು ಗರ್ಭಗುಡಿಗಳ ಕದಂಬೇಶ್ವರ ದೇವಾಲಯದ ತಂಪಿನಲ್ಲಿ ಮಧ್ಯಾಹ್ನ ಕಳೆದು, ಸಂಜೆಗೆ ಹಿರೇಕೆರೂರು. ಎರಡನೆಯ ದಿನ ಸಾಮಾನನ್ನೆಲ್ಲ ಹಿರೇಕೆರೂರಿನಲ್ಲೇ ಬಿಟ್ಟು ಬರಿ ಸೈಕಲ್‌ನಲ್ಲಿ ಮಾಸೂರಿನ ಮದಗದ ಕೆರೆಗೆ ಹೋಗಿಬನ್ನಿ. ಎರಡು ಗುಡ್ಡಗಳ ನಡುವೆ ಕುಮುದ್ವತಿಗೆ ಕಟ್ಟೆ ಹಾಕಿ ಮಾಡಿದ ಹಳೆಯ ಕೆರೆ ಇದು. ಹೊರೆಯಿಲ್ಲದ ಇಂಥ ಒಂದು ದಿನವನ್ನು ಶುರುವಿನಲ್ಲೇ ಇಟ್ಟುಕೊಂಡರೆ ಮೈ ಹೊಂದಿಕೊಳ್ಳುತ್ತದೆ, ಮೊದಲ ದಿನ ಕೈಕೊಟ್ಟ ಸೈಕಲ್‌ನ ರಿಪೇರಿಯೂ ಆಗುತ್ತದೆ.

ಮೂರನೆಯ ದಿನವೇ ಕಷ್ಟದ್ದು. ಹಿರೇಕೆರೂರಿನಿಂದ ತಿಳವಳ್ಳಿ, ಅಕ್ಕಿಆಲೂರು ಮೇಲೆ ಹಾನಗಲ್ಲಿಗೆ. ಈ ದಾರಿಯಲ್ಲಿ ವರದೆಯನ್ನು ದಾಟಬೇಕು. ಹತ್ತಿ, ಗೋವಿನಜೋಳದ ಹೊಲಗಳು ಹಿಂದೆ ಸರಿದು ಭತ್ತದ ಗದ್ದೆ, ಮಾವಿನ ತೋಟ ಶುರುವಾಗುವುದು ಕಣ್ಣೆದುರೇ ಕಾಣುತ್ತದೆ. ತಿಳವಳ್ಳಿಯ ಶಾಂತೇಶ್ವರ ಗುಡಿಯ ಹತ್ತಿರ ಉಂಡು ಹೊರಟರೆ ಸಂಜೆಗೆ ಹಾನಗಲ್. ಮರುದಿನ ಬೆಳಗ್ಗೆ ತಾರಕೇಶ್ವರ ದೇವಾಲಯದ ಕಮಲದ ಛತ್ತನ್ನು ಕತ್ತು ನೋಯುವವರೆಗೆ ನೋಡಿಯೇ ಹೊರಡಿ.

ನಾಲ್ಕನೆಯ ದಿನ ಕೂಡಲ ಸಂಗಮ, ಅಲ್ಲಿಂದ ಬಂಕಾಪುರ, ಶಿಗ್ಗಾಂವಿ. ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ಗುಡಿಯೆಂದು ಕರೆಯುವ ನಗರೇಶ್ವರ ದೇವಾಲಯವಿದೆ, ಸುತ್ತ ನವಿಲುಗಳಿವೆ. ಕನಕದಾಸರ ಬಾಡವೂ ಇದೇ ತಾಲೂಕಿನದು, ಹೊತ್ತಿದ್ದರೆ ಸೇರಿಸಿಕೊಳ್ಳಿ. ಶಿಗ್ಗಾಂವಿ ಸೇರುವಾಗ ರಾಷ್ಟ್ರೀಯ ಹೆದ್ದಾರಿ 48ರ ಮುಖ್ಯ ರಸ್ತೆಗೆ ಇಳಿಯಬೇಡಿ, ಸರ್ವೀಸ್ ರಸ್ತೆಯಲ್ಲೇ ಹೋಗಿ.

ಐದನೆಯ ದಿನ ಶಿಗ್ಗಾಂವಿಯಿಂದ ಸವಣೂರು. ದಾರಿ ಸಣ್ಣದು, ನದಿಯೂ ಇಲ್ಲ. ಬಟ್ಟೆ ಒಗೆದುಕೊಳ್ಳಿ, ಕಲ್ಮಠದ ದೊಡ್ಡ ಹುಣಸೆ ಮರಗಳನ್ನು ನೋಡಿ, ಉಳಿದ ದಾರಿಗೆ ಸವಣೂರು ಖಾರಾ ಕಟ್ಟಿಸಿಕೊಳ್ಳಿ. ಇಲ್ಲಿಂದ ಎರೆ ಭೂಮಿ. ಅಕಾಲಿಕ ಮಳೆ ಬಿದ್ದರೆ ಚಕ್ಕಡಿ ದಾರಿಗೆ ಕಾಲಿಡಬೇಡಿ. ಎರೆ ಮಣ್ಣು ಮಡ್‌ಗಾರ್ಡಿಗೆ ತುಂಬಿ ಚಕ್ರವೇ ತಿರುಗುವುದಿಲ್ಲ, ಸೈಕಲ್ಲನ್ನೇ ಹೊತ್ತುಕೊಂಡು ನಡೆಯಬೇಕಾಗುತ್ತದೆ. ಡಾಂಬರು ರಸ್ತೆ ಸುತ್ತಾದರೂ ಅದನ್ನೇ ಹಿಡಿಯಿರಿ.

ಆರನೆಯ ದಿನ ಕಳಸೂರಿನ ಬಾಂದಾರ, ಕರ್ಜಗಿ, ಹೊಸರಿತ್ತಿ. ವರದೆ ಪದೇ ಪದೇ ಎದುರಾಗುವ ದಿನ ಇದು. 1930ರ ದಾಂಡಿ ಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಗುಂಡಿಗೆ ಬಲಿಯಾದದ್ದು ಹೊಸರಿತ್ತಿಯಲ್ಲಿ. ಏಳನೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು ಗಳಗನಾಥಕ್ಕೆ ಹೊರಡಿ: ಎರಡು ನದಿಗಳ ಕೂಡು, ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರ. ಅಲ್ಲಿಂದ ಗುತ್ತಲದ ಮೇಲೆ ಹಾವೇರಿ. ಒಟ್ಟು 300 ಕಿ.ಮೀ. ಆಸುಪಾಸು, ಒಳದಾರಿ ಹಿಡಿದಂತೆ ಹೆಚ್ಚುಕಡಿಮೆ ಆಗುತ್ತದೆ.

ಉಳಿಯುವುದು, ಉಣ್ಣುವುದು

ನಾಲ್ಕು ತಾಲೂಕು ಕೇಂದ್ರಗಳಲ್ಲಿ ಲಾಡ್ಜ್, ಪ್ರವಾಸಿ ಮಂದಿರ ಹುಡುಕಬಹುದು. ಉಳಿದ ಕಡೆ ಮಠ, ಸಮುದಾಯ ಭವನ, ಶಾಲೆ. ಒಂದು ವಾರ ಮೊದಲೇ ಫೋನ್ ಮಾಡಿ ಎಷ್ಟು ಜನ, ಹೆಣ್ಣುಮಕ್ಕಳು ಎಷ್ಟು ಎಂದು ಹೇಳಿ. ಅವರಿಗೆ ಬೇರೆ ಕೋಣೆ, ಶೌಚಾಲಯ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಪಂಚಾಯಿತಿಯವರಿಗೂ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿದರೆ ರಾತ್ರಿ ಯಾರೂ ಎಬ್ಬಿಸಿ ವಿಚಾರಿಸುವುದಿಲ್ಲ. ಮಠದಲ್ಲಿ ಉಂಡರೆ ಕಾಣಿಕೆ ಹಾಕಿ, ಬೆಳಗ್ಗೆ ಜಾಗ ಗುಡಿಸಿ ಹೊರಡಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳ ಆವರಣದಲ್ಲಿ ಮಲಗುವುದು, ಒಲೆ ಹೂಡುವುದು ಬೇಡ.

ಖಾನಾವಳಿಗೆ ಮಧ್ಯಾಹ್ನವೇ ಹೇಳಿಟ್ಟರೆ ರಾತ್ರಿ ಎಂಟು ಜನಕ್ಕೆ ಬಿಸಿ ರೊಟ್ಟಿ ಸಿಗುತ್ತದೆ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಇದ್ದರೆ ಒಂದು ಹೊತ್ತು ತಪ್ಪಿದರೂ ಚಿಂತೆಯಿಲ್ಲ. ಮಿರ್ಚಿ–ಮಂಡಕ್ಕಿ ಸಂಜೆಗೆ ಮಾತ್ರ. ತುಳಿಯುವ ಮುಂಚೆ ಮಿರ್ಚಿ ತಿಂದವರ ಹೊಟ್ಟೆ ದಾರಿಯಲ್ಲಿ ಉರಿಯುತ್ತದೆ. ನೀರು ತಲೆಗೆ ಮೂರು ಲೀಟರು, ಊರಿನ ಶುದ್ಧ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಿ. ಘಟಕಕ್ಕೆ ನಾಣ್ಯ ಬೇಕಾಗುತ್ತದೆ, ಚಿಲ್ಲರೆ ಇಟ್ಟುಕೊಂಡಿರಿ. ಬಳಲಿಕೆಗೆ ಒಂದು ಲೀಟರು ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ನೀರಿನ ಹತ್ತಿರ

ನದಿ ಕಂಡ ಕೂಡಲೇ ಅಂಗಿ ಬಿಚ್ಚುವ ಗೆಳೆಯರು ಪ್ರತಿ ತಂಡದಲ್ಲೂ ಇರುತ್ತಾರೆ. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಿಂದ ಒಂದೇ ಹೆಜ್ಜೆಗೆ ಆಳಕ್ಕೆ ಬೀಳಬಹುದು. ಬಾಂದಾರದ ಕೆಳಗೆ ನೀರು ಸುಳಿ ತಿರುಗುತ್ತದೆ. ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಊರಿನವರು ಬಟ್ಟೆ ಒಗೆಯುವ, ದನ ಮೈತೊಳೆಯುವ ಕಡವಿನಲ್ಲಿ, ಅವರನ್ನು ಕೇಳಿ, ದಂಡೆಯ ಮೇಲೆ ಕೂತು ಚೊಂಬಿನಲ್ಲಿ ಮಿಂದರೆ ಸಾಕು. ತುರ್ತಿಗೆ 108, 112 ಎಲ್ಲರ ಫೋನಿನಲ್ಲೂ ಇರಲಿ.

ಸೈಕಲ್ ಸಾಗಿಸುವುದು

ರೈಲಿನಲ್ಲಿ ಸೈಕಲ್ ಬೋಗಿಯೊಳಗೆ ಒಯ್ಯುವಂತಿಲ್ಲ. ಲಗೇಜ್ ವ್ಯಾನಿಗೆ ಬುಕ್ ಮಾಡಬೇಕು. ಸಣ್ಣ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವ ಹೊತ್ತು ಕಡಿಮೆ, ಎಂಟು ಸೈಕಲ್ ಹತ್ತಿಸಿ ಇಳಿಸುವುದು ಆಗದ ಮಾತು. ನೀವು ಹೋಗುವ ಗಾಡಿಗೆ ಅಲ್ಲಿ ಲಗೇಜ್ ತೆಗೆದುಕೊಳ್ಳುತ್ತಾರೆಯೇ ಎಂದು ಹಿಂದಿನ ದಿನವೇ ನಿಲ್ದಾಣದಲ್ಲಿ ಕೇಳಿ. ಹ್ಯಾಂಡಲ್‌ಗೆ ಹೆಸರು, ಇಳಿಯುವ ನಿಲ್ದಾಣ, ಫೋನ್ ನಂಬರ್ ಬರೆದ ರಟ್ಟು ಕಟ್ಟಿ, ಪಂಪ್–ದೀಪಗಳನ್ನು ಬಿಚ್ಚಿ ಕೈಯಲ್ಲೇ ಇಟ್ಟುಕೊಳ್ಳಿ. ಬಸ್ಸಿನ ಮೇಲೆ ಹೇರೋಣವೆಂದರೆ ಹೊಸ ಬಸ್ಸುಗಳಿಗೆ ಮೇಲೆ ಕ್ಯಾರಿಯರ್ ಇರುವುದೇ ಅಪರೂಪ. ಹುಬ್ಬಳ್ಳಿ, ದಾವಣಗೆರೆಯಷ್ಟು ಹತ್ತಿರದವರಿಗೆ ಸೈಕಲ್‌ಗಳನ್ನೆಲ್ಲ ಒಂದು ಟಾಟಾ ಏಸ್‌ನಲ್ಲಿ ಹೇರಿ ಕಳಿಸುವುದೇ ಕಡಿಮೆ ತಲೆನೋವು. ನಡುನಡುವೆ ಗೋಣಿಚೀಲ ಹಾಕಿ, ಒಂದರ ಪೆಡಲ್ ಇನ್ನೊಂದರ ಕಡ್ಡಿಗೆ ಸಿಕ್ಕಿಕೊಳ್ಳದಂತೆ ಹಿಂದೆಮುಂದೆ ನಿಲ್ಲಿಸಿ ಬಿಗಿಸಿ. ತಂಡದವರೊಬ್ಬರು ಡ್ರೈವರ್ ಪಕ್ಕ ಕೂತು ಹೋಗಲಿ.