ಬಣ್ಣಕ್ಕೆ ಮೊದಲು ರೇಖೆ

ಊರಿನಲ್ಲಿರುವ ತಾಯಿಯ ಚಿತ್ರ ಬರೆಯಬೇಕೆಂಬ ಆಸೆ ನಮ್ಮಲ್ಲಿ ಹಲವರಿಗೆ ಉಂಟು. ನಾವೂ ಒಮ್ಮೆ ಬಣ್ಣದ ಪೆಟ್ಟಿಗೆ ಕೊಂಡು ಆತುರಪಟ್ಟೆವು. ಮುಗಿದಾಗ ಸೀರೆ ತಾಯಿಯದು, ಮುಖ ಮಾತ್ರ ಯಾರದೋ! ತಪ್ಪು ಬಣ್ಣದ್ದಲ್ಲ, ರೇಖೆಯದು: ಕಣ್ಣುಗಳನ್ನು ಹಣೆಯತ್ತ ಏರಿಸಿಬಿಟ್ಟಿದ್ದೆವು.

ನೇರವಾಗಿ ನಮ್ಮತ್ತ ತಿರುಗಿದ ತಲೆಯಲ್ಲಿ, ನೆತ್ತಿಯಿಂದ ಗಲ್ಲದವರೆಗಿನ ಉದ್ದದ ಸುಮಾರು ಅರ್ಧದಲ್ಲಿ ಕಣ್ಣುಗಳು ಬರುತ್ತವೆ. ಎರಡರ ನಡುವೆ ಹೆಚ್ಚುಕಡಿಮೆ ಒಂದು ಕಣ್ಣಿನಷ್ಟು ಅಂತರ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ. ಇದು ಸಾಮಾನ್ಯ ಅಳತೆ. ಪ್ರತಿಯೊಂದು ಮುಖವೂ ಇದರಿಂದ ಕೊಂಚ ಬೇರೆಯಾಗುತ್ತದೆ. ಹೋಲಿಕೆ ಅಡಗಿರುವುದು ಆ ವ್ಯತ್ಯಾಸದಲ್ಲೇ. ಕೈಯನ್ನು ಪೂರ್ತಿ ಚಾಚಿ ಪೆನ್ಸಿಲು ಹಿಡಿದು, ಒಂದು ಕಣ್ಣು ಮುಚ್ಚಿ, ಅದನ್ನು ಅಳೆಯಬೇಕು.

ರೇಖೆಯನ್ನು ಬರಿಯ ಮೊದಲ ಮೆಟ್ಟಿಲೆಂದು ಕಡೆಗಣಿಸಬಾರದು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಕೆ. ಕೆ. ಹೆಬ್ಬಾರರು ಬಣ್ಣದಷ್ಟೇ ರೇಖೆಗೂ ಹೆಸರಾದವರು.

ಕೆಲಸದಿಂದ ಬಂದ ಮೇಲೆ ದಿನಕ್ಕೆ ಕಾಲು ಗಂಟೆ, ಹಳೆಯ ಕಾಗದದ ಖಾಲಿ ಮಗ್ಗುಲು, ಒಂದು ಪೆನ್ಸಿಲು ಸಾಕು. ಮೊದಲು ಕೋಣೆಯ ಜೊತೆಗಾರನನ್ನು ಕೂರಿಸಿ ಬರೆಯೋಣ. ರಜೆಯಲ್ಲಿ ಊರಿಗೆ ಹೋದಾಗ ತಾಯಿಯನ್ನೇ ಎದುರಿಗೆ ಕೂರಿಸಿಕೊಳ್ಳೋಣ. ಬಣ್ಣ ಆಮೇಲಾಗಲಿ.