ಬಾಯಿ ಮುಕ್ಕಳಿಸುವ ಮದ್ದು

ಕಾಪುವಿನ ಕಡಲತಡಿಯ ಮನೆಗಳಲ್ಲಿ ಮೀನಿನ ಅಡಿಗೆಗೆ ಹುಣಸೆಯ ಹುಳಿ ಬೀಳುವುದು ಕೇವಲ ರುಚಿಗಾಗಿ ಅಲ್ಲ. ಮೀನಿನ ವಾಸನೆಗೆ ಕಾರಣ ಅಮೀನ್ ಎಂಬ ಕ್ಷಾರಗುಣದ ಅನಿಲ. ಹುಳಿಯ ಆಮ್ಲವು ಅದರೊಡನೆ ಕೂಡಿದಾಗ ಗಾಳಿಗೆ ಹಾರದ ಲವಣವುಂಟಾಗುತ್ತದೆ. ಹಾರದ ವಸ್ತು ಮೂಗನ್ನು ಮುಟ್ಟಲಾರದು. ಸಮೀಪದ ಶಂಕರಪುರದ ಮಲ್ಲಿಗೆಯ ಒಂದು ಚೆಂಡನ್ನು ಮೀನಿನ ಬುಟ್ಟಿಯ ಮೇಲಿರಿಸಿದರೂ ವಾಸನೆ ಮರೆಯಾದಂತೆ ತೋರೀತು. ಹೂವು ಬಾಡಿದೊಡನೆ ಅದು ಮರಳುತ್ತದೆ. ಅಂಗಡಿಗಳಲ್ಲಿ ದೊರೆಯುವ ಮುಕ್ಕಳಿಸುವ ದ್ರಾವಣಗಳಲ್ಲಿಯೂ ಹುಳಿಯಂತಹವು ಕೆಲವು, ಮಲ್ಲಿಗೆಯಂತಹವು ಕೆಲವು.

ಬಾಯಿಯ ದುರ್ವಾಸನೆ ಹೊಟ್ಟೆಯಿಂದ ಬರುವುದೆಂದು ಅನೇಕರು ನಂಬಿದ್ದಾರೆ. ಬಹುಮಟ್ಟಿಗೆ ಅದು ಹುಟ್ಟುವುದು ಬಾಯಿಯಲ್ಲಿಯೇ. ನಾಲಗೆಯ ಹಿಂಭಾಗದಲ್ಲಿ, ಒಸಡಿನ ಸಂದುಗಳಲ್ಲಿ, ಗಾಳಿ ತಾಗದ ಕಡೆ ವಾಸಿಸುವ ಸೂಕ್ಷ್ಮಾಣುಗಳು ಆಹಾರದ ಹಾಗೂ ಸತ್ತ ಜೀವಕೋಶಗಳ ಪ್ರೋಟೀನನ್ನು ಕೊಳೆಯಿಸಿ ಗಂಧಕದ ಅನಿಲಗಳನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅವುಗಳಲ್ಲೊಂದು. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಮುಂಜಾನೆ ವಾಸನೆ ಹೆಚ್ಚು.

ಈ ಜೀವಿಗಳನ್ನು 1683ರಲ್ಲಿ ಬಣ್ಣಿಸಿದವನು ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ತನ್ನ ಹಲ್ಲಿನ ಕಿಟ್ಟವನ್ನು ಕೆರೆದು, ತಾನೇ ರಚಿಸಿದ ಸೂಕ್ಷ್ಮದರ್ಶಕದಲ್ಲಿ ನೋಡಿದನು. ವಿನೆಗರಿನಿಂದ ಬಾಯಿ ಮುಕ್ಕಳಿಸಿಯೂ ಪರೀಕ್ಷಿಸಿದನು. ಕಿಟ್ಟದ ಹೊರಮೈಯ ಜೀವಿಗಳು ಮಾತ್ರ ಸತ್ತಿದ್ದವು. ಒಳಗಿನವು ಚಲಿಸುತ್ತಲೇ ಇದ್ದವು! ಮಳೆಗಾಲದಲ್ಲಿ ಕಾರ್ಕಳದ ಕಡೆ ಮುರಕಲ್ಲಿನ ಮೆಟ್ಟಿಲಿಗೆ ಹಿಡಿದ ಪಾಚಿಯ ಮೇಲೆ ಎಷ್ಟು ಕೊಡ ನೀರು ಸುರಿದರೇನು? ಉಜ್ಜದೆ ಅದು ಬಿಡದು. ಹಲ್ಲಿನ ಕಿಟ್ಟವೂ ಹಾಗೆಯೇ.

ಹಾಗಾದರೆ ಮದ್ದಿನ ಕೆಲಸವೇನು? 1879ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಲಿಸ್ಟರಿನ್ ಎಂಬ ದ್ರಾವಣಕ್ಕೆ ಶಸ್ತ್ರವೈದ್ಯ ಲಿಸ್ಟರನ ಹೆಸರಿಟ್ಟರು. ಅದರಲ್ಲಿರುವ ಥೈಮಾಲ್ ನಮ್ಮ ಓಮದ ಕಾಳಿನಲ್ಲಿಯೂ ಉಂಟು. ಯೂಕಲಿಪ್ಟಾಲ್ ನೀಲಗಿರಿ ಎಣ್ಣೆಯ ಸಾರ. ಇಂತಹ ತೈಲಗಳು ಸೂಕ್ಷ್ಮಾಣುವಿನ ಪೊರೆಯನ್ನು ಶಿಥಿಲಗೊಳಿಸಿ ಒಳಗಿನ ದ್ರವ್ಯ ಸೋರುವಂತೆ ಮಾಡುತ್ತವೆ. ಸತುವಿನ ಲವಣಗಳ ರೀತಿ ಬೇರೆ. ಅವು ಗಂಧಕವನ್ನು ಕಟ್ಟಿಹಾಕುತ್ತವೆ, ಹುಳಿಯು ಅಮೀನನ್ನು ಕಟ್ಟಿದಂತೆ.

ಎಲ್ಲಕ್ಕಿಂತ ಬಲವಾದುದು ಕ್ಲೋರ್‌ಹೆಕ್ಸಿಡಿನ್. ಅದರ ಅಣುವಿನಲ್ಲಿ ಧನ ವಿದ್ಯುದಂಶ, ಸೂಕ್ಷ್ಮಾಣುವಿನ ಮೈಯಲ್ಲಿ ಋಣ ವಿದ್ಯುದಂಶ. ಆದುದರಿಂದ ಒಂದನ್ನೊಂದು ಸೆಳೆಯುತ್ತವೆ. ಅದು ಹಲ್ಲಿಗೂ ಬಾಯಿಯ ಒಳಪೊರೆಗೂ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಹಲ್ಲುಜ್ಜದೆಯೂ ದಿನಕ್ಕೆರಡು ಬಾರಿ ಶೇಕಡಾ 0.2ರ ದ್ರಾವಣದಿಂದ ಮುಕ್ಕಳಿಸಿದವರಲ್ಲಿ ಕಿಟ್ಟ ಕಟ್ಟಲಿಲ್ಲವೆಂದು ಲೋ ಮತ್ತು ಶಿಯೋಟ್ 1970ರಲ್ಲಿ ಪ್ರಕಟಿಸಿದರು. ಆದರೆ ಬಹುಕಾಲ ಬಳಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ, ನಾಲಗೆಯ ರುಚಿ ಕೆಡುತ್ತದೆ. ಟೂತ್‌ಪೇಸ್ಟಿನ ನೊರೆಕಾರಕವು ಇದರ ಬಲವನ್ನು ಕುಗ್ಗಿಸುವುದರಿಂದ ಹಲ್ಲುಜ್ಜಿದ ಕೂಡಲೇ ಬಳಸುವುದು ವ್ಯರ್ಥ. ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಬೇಕಾದ ಮದ್ದಿದು.

ದುರ್ವಾಸನೆಯನ್ನು ಸುಗಂಧದಿಂದ ಮುಚ್ಚುವವನು ತನ್ನ ಕಾವಲುಗಾರನ ಬಾಯಿಗೆ ಬಟ್ಟೆ ತುರುಕುತ್ತಾನೆ. ಒಸಡಿನ ರೋಗ ಎಷ್ಟೋ ಬಾರಿ ನೋವಿಲ್ಲದೆ ಬೆಳೆಯುತ್ತದೆ. ವಾಸನೆ ಮತ್ತು ರಕ್ತ ಅದರ ಮೊದಲ ಸುಳಿವು. ಹತೋಟಿ ಮೀರಿದ ಸಿಹಿಮೂತ್ರ ರೋಗದಲ್ಲಿ ಉಸಿರಿಗೆ ಹಣ್ಣಿನ ವಾಸನೆ ಬರುವುದುಂಟು. ಮಣಿಪಾಲದಲ್ಲಿ 1965ರಲ್ಲಿ ದಂತವೈದ್ಯಕೀಯ ಕಾಲೇಜು ಸ್ಥಾಪನೆಯಾದಂದಿನಿಂದ ಉಡುಪಿಯ ಆಸುಪಾಸಿನವರಿಗೆ ಪರೀಕ್ಷೆ ದೂರದ ಮಾತಲ್ಲ. ಎಲೆಯಡಿಕೆ ಹಾಕುವವರು ಇನ್ನೊಂದನ್ನು ತಿಳಿದಿರಬೇಕು: ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಬಾಯಿಯ ಹುಣ್ಣು ಎರಡು ವಾರಗಳಲ್ಲಿ ಮಾಯದಿದ್ದರೆ, ಅದನ್ನು ಯಾವ ದ್ರಾವಣದಿಂದಲೂ ಮುಕ್ಕಳಿಸುತ್ತ ಕೂರದೆ ದಂತವೈದ್ಯರಿಗೆ ತೋರಿಸಬೇಕು.